ತಪ್ಪು ಉತ್ತರಕ್ಕೂ ಕಿವಿಗೊಡೋಣ

ಕಾಲುಭಾಗಕ್ಕಿಂತ ಐದನೆಯ ಒಂದು ಭಾಗವೇ ದೊಡ್ಡದೆಂದು ಮಗು ಬರೆದರೆ ನಾವು ಏನು ಮಾಡುತ್ತೇವೆ? ದಡ್ಡನೆಂದು ಗದರಿಸಿ ಮತ್ತೊಂದು ಟ್ಯೂಷನ್ನಿಗೆ ಅಟ್ಟುತ್ತೇವೆ. ಗಣಿತ ಶಿಕ್ಷಣದ ಸಂಶೋಧಕರು ಅನೇಕ ದೇಶಗಳಲ್ಲಿ ಇದೇ ತಪ್ಪನ್ನು ಕಂಡು, ಗದರಿಸುವ ಬದಲು ಕಾರಣವನ್ನು ಕೇಳಿದರು. ನಾಲ್ಕಕ್ಕಿಂತ ಐದು ದೊಡ್ಡದಲ್ಲವೇ ಎಂಬುದು ಮಕ್ಕಳ ವಾದ. ಅದು ಅಲಕ್ಷ್ಯವಲ್ಲ, ಪೂರ್ಣಸಂಖ್ಯೆಗಳಲ್ಲಿ ಕಲಿತ ನಿಯಮವನ್ನು ಭಿನ್ನರಾಶಿಗೂ ಅನ್ವಯಿಸಿದ ವಿಚಾರ. ಒಂದು ರೊಟ್ಟಿಯನ್ನು ನಾಲ್ವರಿಗೆ, ಅಂಥದೇ ಇನ್ನೊಂದನ್ನು ಐವರಿಗೆ ಹಂಚಿ ತೋರಿಸಿದರೆ ಮಗು ತಾನೇ ತಿದ್ದಿಕೊಂಡೀತು.

ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1974ರಲ್ಲಿ ಆರಂಭಿಸಿದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ಇನ್ನೊಂದು ತೊಡಕನ್ನು ತೋರಿಸಿಕೊಟ್ಟಿತು: ಪಠ್ಯದ ಕ್ಲಿಷ್ಟ ಭಾಷೆಯೇ ವಿಜ್ಞಾನದ ಕಲಿಕೆಗೆ ಅಡ್ಡಿಯಾಗುತ್ತದೆ. ಮನೆಯಲ್ಲಿ ಕನ್ನಡವನ್ನೋ ಕೊಂಕಣಿಯನ್ನೋ ಆಡಿ, ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುವ ನಮ್ಮ ಕುಟುಂಬಗಳು ಇದನ್ನು ಗಮನಿಸಬೇಕು. ಪಾಠವನ್ನು ಮನೆಮಾತಿನಲ್ಲಿ ವಿವರಿಸುವಂತೆ ಕೇಳೋಣ. ತಿಳಿದದ್ದೆಷ್ಟು, ಬಾಯಿಪಾಠವೆಷ್ಟು ಎಂಬುದು ಆಗಲೇ ಹೊರಬೀಳುತ್ತದೆ.

ಹುಬ್ಬಳ್ಳಿ-ಧಾರವಾಡದ ನಮಗೆ ನೆರವು ದೂರವಿಲ್ಲ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ವಿಭಾಗವಿದೆ. ಅದರ ಆವರಣದಲ್ಲಿಯೇ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಮಹಾಪ್ರಬಂಧಗಳು ಕಪಾಟಿನಲ್ಲಿಯೇ ಉಳಿದರೆ ಮಕ್ಕಳಿಗೇನು ಲಾಭ? ನಮ್ಮ ಶಾಲೆಗಳ ಆಡಳಿತದವರು ಅಲ್ಲಿನ ವಿದ್ವಾಂಸರನ್ನು ಪಾಲಕರ ಸಭೆಗಳಿಗೆ ಆಹ್ವಾನಿಸಲಿ.

ಹನ್ನೆರಡರ ಪ್ರಾಯದ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಆಲಿಸಿದರು, ಪ್ರಶ್ನಿಸಿದರು. ಬೋಧಕರು ಆ ಬಾಲಕನ ಬಾಯಿ ಮುಚ್ಚಿಸಲಿಲ್ಲ. ನಮ್ಮ ಮಕ್ಕಳ ಬಾಯಿಯನ್ನು ನಾವೂ ಮುಚ್ಚಿಸದಿರೋಣ.