ಯೆಜ್ಡಿಗೆ ಹನ್ನೆರಡು ವೋಲ್ಟ್ ಯಾಕೆ ಸ್ವಾಮಿ?

ಹಳೇ ಯೆಜ್ಡಿ ಅಂದ ಕೂಡಲೇ ನಮ್ಮ ಜನರ ಬಾಯಲ್ಲಿ ಒಂದೇ ಮಂತ್ರ. "ಆ ಆರು ವೋಲ್ಟಿನ ವೈರಿಂಗ್ ಕಿತ್ತು ಬಿಸಾಕಿ, ಹನ್ನೆರಡು ವೋಲ್ಟಿನ ಸಿಡಿಐ ಕಿಟ್ ಹಾಕಿಸಿಬಿಡಿ, ತಲೆನೋವೇ ಇರಲ್ಲ." ಈಚೆಗೆ ನಮ್ಮ ಬ್ಲಾಗಿಗರಲ್ಲೇ ಇಬ್ಬರು ಮೂವರು ಇದನ್ನು ಬರೆದು, ಜೊತೆಗೆ ಮಿರಮಿರ ಮಿಂಚುವ ಕ್ರೋಮಿನ ಫೋಟೋನೂ ಹಾಕಿದ್ದಾರೆ. ಫೋಟೋ ಚೆನ್ನಾಗಿದೆ. ಮಾತು ಮಾತ್ರ ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಪಕ್ಕದಲ್ಲಿ ಚಾ ಇಟ್ಕೊಳ್ಳಿ :)

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ಮಾಡಿತು, 1973ರಿಂದ ಯೆಜ್ಡಿ ಅನ್ನೋ ಹೆಸರಲ್ಲಿ, 1996ರಲ್ಲಿ ಬಾಗಿಲು ಹಾಕಿತು. ಇಷ್ಟು ಎಲ್ಲರಿಗೂ ಗೊತ್ತು. ಈಗಿನ ಹೊಸ ಜಾವಾ, ಯೆಜ್ಡಿಗಳು ಮಧ್ಯಪ್ರದೇಶದ ಪೀತಂಪುರದಲ್ಲಿ ಹುಟ್ಟೋ ನಾಲ್ಕು ಸ್ಟ್ರೋಕಿನ ಗಾಡಿಗಳು, ಅವುಗಳ ಸುದ್ದಿ ಇಲ್ಲಿ ಬೇಡ. ನಾನು ಹೇಳ್ತಿರೋದು ಹಾನಗಲ್ಲಿನಲ್ಲಿ ನಮ್ಮ ಕಾಕಾನ ದನದ ಕೊಟ್ಟಿಗೆಯಲ್ಲಿ ಒಂಬತ್ತು ವರ್ಷ ನಿಂತಿದ್ದ ರೋಡ್‌ಕಿಂಗ್ ಬಗ್ಗೆ. 1991ರ ಗಾಡಿ. ಹಾವೇರಿ ಜಿಲ್ಲೆ ಆಗಿದ್ದೇ 1997ರಲ್ಲಿ, ಹಾಗಾಗಿ ನಂಬರು ಇನ್ನೂ ಧಾರವಾಡದ ಕೆಎ-25.

ಬೆಂಗಳೂರಿನ ಒಂದು ಗ್ಯಾರೇಜಿನವರು (ಹೆಸರು ಬೇಡ) ಕಿಕ್ ಕೂಡ ಹೊಡೆಯದೆ ಪಟ್ಟಿ ಕೊಟ್ಟರು: ಸಿಲಿಂಡರ್ ಬೋರಿಂಗ್, ಹೊಸ ಪಿಸ್ಟನ್, ಸಿಡಿಐ ಕಿಟ್, ಪೂರ್ತಿ ಹೊಸ ವೈರಿಂಗ್, ಪೇಂಟು. ನಮ್ಮ ಆಫೀಸಿನಲ್ಲಿ ಯಾರಾದರೂ ಲಾಗ್ ಕೂಡ ತೆರೆದು ನೋಡದೆ "ಇಡೀ ಮಾಡ್ಯೂಲ್ ಮತ್ತೆ ಬರೆಯೋಣ" ಅಂದರೆ ಏನಂತೀವಿ? ಇಲ್ಲಿ ಮಾತ್ರ ಅದಕ್ಕೆ ರೆಸ್ಟೋರೇಶನ್ ಅಂತ ಹೆಸರು.

ಗಾಡಿಯನ್ನು ಟಾಟಾ ಏಸ್‌ನಲ್ಲಿ ಹಾಕಿ ಸವಣೂರಿಗೆ ಒಯ್ದೆವು. ಅಲ್ಲಿ ಒಬ್ಬರು ಚಾಚಾ ಇದ್ದಾರೆ, ಟ್ರ್ಯಾಕ್ಟರ್ ಡೈನಮೋ, ಹಳೇ ಲಾರಿ ವೈರಿಂಗ್ ಎಲ್ಲ ಮಾಡೋರು. ಅವರ ಮೊದಲ ಮಾತು, "ಪಾನಾ ಆಮ್ಯಾಲ ಹಿಡಿಯೂಣಂತ ತಮ್ಮಾ, ಮೊದಲ ಗಾಡಿಗೆ ಏನಾಗೇತಿ ಹೇಳು."

ಆಗಿದ್ದು ಇಷ್ಟು. ಇಪ್ಪತ್ತು ಕಿಕ್ಕಿಗೆ ಒಮ್ಮೆ ಶುರು. ಬಿಸಿ ಆದ ಮೇಲೆ ಬಂದ್. ಹೆಡ್‌ಲೈಟು ಸೀಮೆಎಣ್ಣೆ ಚಿಮಣಿ ಥರ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗೋದು ನಿಲ್ಲಲ್ಲ.

ಚಾಚಾ ಹೊಸ ಆರು ವೋಲ್ಟಿನ ಬ್ಯಾಟರಿ ಕಟ್ಟಿ ಮೀಟರ್ ಹಿಡಿದರು. ಪಾಯಿಂಟ್ ಮುಚ್ಚಿದಾಗ ಬ್ಯಾಟರಿ ಹತ್ತಿರ ಆರು, ಇಗ್ನಿಶನ್ ಕಾಯಿಲ್ ಹತ್ತಿರ ನಾಲ್ಕೂವರೆ. ಒಂದೂವರೆ ವೋಲ್ಟ್ ದಾರಿಯಲ್ಲೇ ಗುಳುಂ! ತಿಂದಿದ್ದು ಯಾರು? ಕೀ ಹಾಕೋ ಸ್ವಿಚ್ಚಿನೊಳಗಿನ ಕಿಲುಬು, ಮತ್ತೆ ಬಣ್ಣದ ಮೇಲೆ ಬೋಲ್ಟ್ ಹಾಕಿ ಕಟ್ಟಿದ್ದ ಅರ್ಥಿಂಗು. ಉಪ್ಪುಕಾಗದದಲ್ಲಿ ಉಜ್ಜಿದರೆ ಮುಗೀತು.

ಇಲ್ಲೇ ನನ್ನ ಮುಖ್ಯ ತಕರಾರು ಇರೋದು. 24 ವ್ಯಾಟಿನ ಬಲ್ಬಿಗೆ ಆರು ವೋಲ್ಟಿನಲ್ಲಿ 4 ಆಂಪಿಯರ್ ಹರಿಯಬೇಕು, ಹನ್ನೆರಡರಲ್ಲಿ 2 ಸಾಕು. ದಾರಿಯಲ್ಲಿ ಕಾಲು ಓಮ್ ಕಿಲುಬು ಇದೆ ಅನ್ನಿ. ಆರರಲ್ಲಿ ಸುಮಾರು 1 ವೋಲ್ಟ್ ಹೋಯಿತು, ಅಂದರೆ ಆರನೇ ಒಂದು ಭಾಗ. ಹನ್ನೆರಡರಲ್ಲಿ ಹೋಗೋದು ಅರ್ಧ ವೋಲ್ಟ್, ಇಪ್ಪತ್ತನಾಲ್ಕನೇ ಒಂದು ಭಾಗ. ಹೌದು ಸ್ವಾಮಿ, ಹನ್ನೆರಡು ವೋಲ್ಟ್ ಹೆಚ್ಚು ಸಹಿಸಿಕೊಳ್ಳುತ್ತೆ, ಇಲ್ಲ ಅನ್ನಲ್ಲ. ಆದರೆ ಕಿಲುಬು ಅಲ್ಲೇ ಇರುತ್ತೆ, ಬೆಳೀತಾ ಇರುತ್ತೆ. ನೀವು ದುಡ್ಡು ಕೊಟ್ಟು ಕೊಂಡಿದ್ದು ಅದು ಕಾಣದ ಹಾಗೆ ಮಾಡೋ ಉಪಾಯ. ವಿದೇಶದಲ್ಲಿ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರ್ ಇಟ್ಟವರು ಲೂಕಾಸ್ ಕಂಪನಿಯನ್ನು ಕತ್ತಲೆಯ ರಾಜಕುಮಾರ ಅಂತ ಗೇಲಿ ಮಾಡ್ತಾರಲ್ಲ, ಅಲ್ಲೂ ಎಷ್ಟೋ ಸಲ ನಿಜವಾದ ಕಳ್ಳ ಇದೇ ಅರ್ಥಿಂಗು.

ಬಿಸಿ ಆದ ಮೇಲೆ ನಿಲ್ಲೋದಕ್ಕೆ ಕಾರಣ ಕಂಡೆನ್ಸರ್. ಪಾಯಿಂಟ್ ಬಿಚ್ಚಿಕೊಳ್ಳುವಾಗ ಅಲ್ಲಿ ದಪ್ಪ ಹಳದಿ ಕಿಡಿ ಹಾರ್ತಿತ್ತು. ಕಿಡಿ ಹಾರಬೇಕಾದ್ದು ಪ್ಲಗ್ಗಿನಲ್ಲಿ, ಪಾಯಿಂಟಿನಲ್ಲಲ್ಲ. ಕಂಡೆನ್ಸರ್ ಬದಲಿಸಿ, ಪಾಯಿಂಟ್ ಉಜ್ಜಿ, 0.4 ಮಿ.ಮೀ. ಸಂದು ಇಟ್ಟು, ಟೈಮಿಂಗ್ ಕೂಡಿಸಿದ ಮೇಲೆ ಎರಡನೇ ಕಿಕ್ಕಿಗೆ ಶುರು. ಸಿಡಿಐ ಪೆಟ್ಟಿಗೆಯೊಳಗೆ ಇರೋದನ್ನು ಅಂಟು ಸುರಿದು ಮುಚ್ಚಿರ್ತಾರೆ. ಹಿರೇಕೆರೂರಿನ ರಸ್ತೆಯಲ್ಲಿ ರಾತ್ರಿ ಅದು ಸತ್ತರೆ ಏನು ಬಿಚ್ಚಿ ನೋಡ್ತೀರಿ?

ಡೈನಮೋದ ಕಥೆ ಇನ್ನೂ ಚೆನ್ನಾಗಿದೆ. ಆರ್ಮೇಚರ್ ಕೂತಿರೋದು ಕ್ರ್ಯಾಂಕಿನ ತುದಿಯಲ್ಲೇ. ಬ್ರಶ್ ಸವೆದಿತ್ತು, ಕಮ್ಯುಟೇಟರ್ ಮೇಲೆ ಗುಳಿ ಬಿದ್ದಿತ್ತು. "ಈ ಸಾಮಾನು ಈಗ ಎಲ್ಲೂ ಸಿಗಲ್ಲ" ಅಂತ ಬೆಂಗಳೂರಿನಲ್ಲಿ ಹೇಳಿದ್ದು ಇದಕ್ಕೇ. ಸಾಮಾನು ಯಾಕೆ ಬೇಕು? ಶಿಗ್ಗಾಂವಿಯ ಲೇಥ್‌ನಲ್ಲಿ ಕಮ್ಯುಟೇಟರನ್ನು ಕೂದಲೆಳೆಯಷ್ಟು ಹೆರೆಸಿದೆವು, ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಚಾಚಾ ಆಕ್ಸಾ ಬ್ಲೇಡಿನಲ್ಲಿ ಕೆರೆದು ತಗ್ಗಿಸಿದರು. ಫೀಲ್ಡ್ ಕಾಯಿಲ್ ಒಂದು ಸುಟ್ಟಿತ್ತು, ಅದನ್ನು ಹೊಸದಾಗಿ ಸುತ್ತಿಕೊಟ್ಟಿದ್ದು ಹಿರೇಕೆರೂರಿನಲ್ಲಿ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಮಾಡೋ ಅಂಗಡಿಯವರು. ಅವರಿಗೆ ಅದು ಒಂದು ಮಧ್ಯಾಹ್ನದ ಕೆಲಸ. ವರ್ಷಗಟ್ಟಲೆ ನಿಂತ ಡೈನಮೋದಲ್ಲಿ ಉಳಿದ ಅಯಸ್ಕಾಂತ ಶಕ್ತಿ ಹೋಗಿರುತ್ತೆ, ಬ್ಯಾಟರಿಯಿಂದ ಫೀಲ್ಡಿಗೆ ಒಂದು ಕ್ಷಣ ಕರೆಂಟ್ ಮುಟ್ಟಿಸಿದರೆ ಮತ್ತೆ ಎಚ್ಚರ ಆಗುತ್ತೆ. ಈಗ ಇಂಜಿನ್ ಸ್ವಲ್ಪ ಏರಿಸಿದರೆ ಚಾರ್ಜಿಂಗಿನ ಕೆಂಪು ದೀಪ ಆರುತ್ತೆ.

ಇನ್ನು ಇಂಜಿನ್ನು. ಎರಡು ಸ್ಟ್ರೋಕಿನ ಇಂಜಿನ್ನಿಗೆ ಕ್ರ್ಯಾಂಕ್‌ಕೇಸೇ ಪಂಪು, ಅಲ್ಲಿ ಗಾಳಿ ಸೋರಿದರೆ ಲೆಕ್ಕ ತಪ್ಪಿತು. ಡೈನಮೋ ಬದಿಯ ಸೀಲ್ ಒಣಗಿ ಕಲ್ಲಾಗಿತ್ತು. ಅಲ್ಲಿಂದ ಗಾಳಿ ಎಳೆದು ಮಿಶ್ರಣ ತೆಳುವಾಗಿ ಇಂಜಿನ್ ಕೂಗ್ತಿತ್ತು, ಪ್ಲಗ್ ಬೆಳ್ಳಗೆ ಸುಟ್ಟಿತ್ತು. ಕ್ಲಚ್ ಬದಿಯ ಸೀಲ್ ಹೋಗಿದ್ದರೆ ಗೇರ್‌ಬಾಕ್ಸಿನ ಎಣ್ಣೆ ಹೀರಿ ಊರೆಲ್ಲ ಹೊಗೆ ಆಗ್ತಿತ್ತು. ಎರಡೂ ಸೀಲ್ ಹಾಕಿದೆವು. ಸಿಲಿಂಡರ್ ಬಿಚ್ಚಿ ನೋಡಿದರೆ ಒಂದು ಗೀರೂ ಇಲ್ಲ! ಬೋರಿಂಗ್ ಯಾಕೆ ಬೇಕಿತ್ತು? ಪ್ರತಿ ಬೋರಿಂಗೂ ಲೋಹ ತಿನ್ನುತ್ತೆ, ಒಂದು ಸಿಲಿಂಡರ್ ತಾಳೋದು ಕೆಲವೇ ಸಲ. ಸುಮ್ಮನೆ ಮಾಡಿಸೋದು ಅಂದರೆ ಗಾಡಿಯ ಆಯುಷ್ಯದಲ್ಲಿ ಒಂದು ಪಾಲು ಎತ್ತಿ ಎಸೆದ ಹಾಗೆ, ಮತ್ತೆ ಮೈಸೂರಿನಿಂದ ಸಿಲಿಂಡರ್ ಬರೋದಿಲ್ಲ.

ಒಂದು ಎಚ್ಚರಿಕೆ ನಡುವೆಯೇ ಹೇಳಿಬಿಡ್ತೀನಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇದೆ. ಅದು ಹಳೇ ರಬ್ಬರು, ಕಾರ್ಕನ್ನು ಹಾಳು ಮಾಡುತ್ತೆ, ಹಾನಗಲ್ಲಿನ ಮಳೆಗಾಲದ ತೇವ ಹೀರುತ್ತೆ, ಮಿಶ್ರಣವನ್ನೂ ತೆಳು ಮಾಡುತ್ತೆ. ಗಾಡಿ ನಿಲ್ಲಿಸೋದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿ, ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ ನೋಡಿ. ಕಿಟ್ ಮಾರೋರು ಇದನ್ನು ಹೇಳಲ್ಲ, ಇದರಲ್ಲಿ ಅವರಿಗೆ ಲಾಭ ಇಲ್ಲ.

ಸಿಟ್ಟು ಬರೋದು ಬೇರೆ ಕಾರಣಕ್ಕೆ. ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಫೋಟೋ ಹಾಕ್ತೀವಿ. ಇತ್ತ ನಮ್ಮ ತಾಲೂಕುಗಳಿಂದ "ಇದು ರಿಪೇರಿ ಆಗಲ್ಲ ಅಣ್ಣಾರ" ಅಂತ ಹೆದರಿಸಿ ಗುಜರಿ ಬೆಲೆಗೆ ಗಾಡಿ ಎತ್ತಿಕೊಂಡು ಹೋಗ್ತಾರೆ, ಬೆಂಗಳೂರಲ್ಲಿ ಬಣ್ಣ ಬಳಿದು ಕಾಫಿ ಅಂಗಡಿಯಲ್ಲಿ ನಿಲ್ಲಿಸ್ತಾರೆ. ಚಾಚಾನ ಹತ್ತಿರ ಕೆಲಸ ಕಲಿಯೋಕೆ ಒಬ್ಬ ಹುಡುಗನೂ ಇಲ್ಲ. ನಾವೇ "ಕಿತ್ತು ಬಿಸಾಕಿ" ಅಂತ ಬರೀತಾ ಇದ್ದರೆ ಯಾರು ಬರ್ತಾರೆ?

ಸರ್ಕಾರವೂ ಕಡಿಮೆ ಇಲ್ಲ. 2021ರ ವಿಂಟೇಜ್ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ನಮ್ಮ ಗಾಡಿಗೆ ಆ ಭಾಗ್ಯ 2041ಕ್ಕೆ. ಆಗ 20,000 ರೂಪಾಯಿ ಕಟ್ಟಿ ನೋಂದಾಯಿಸಬಹುದು, ಆದರೆ ದಿನಾ ಓಡಿಸೋ ಹಾಗಿಲ್ಲ! ಅಲ್ಲಿಯವರೆಗೆ ಅದು ಬರೀ ಹಳೇ ಗಾಡಿ. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಬೈಕಿನ ನವೀಕರಣಕ್ಕೆ 2,000 ರೂಪಾಯಿ. ಕಾಕಾ ಅದನ್ನು ಕಟ್ಟಲು ತಯಾರಿದ್ದಾರೆ, ಬೈದುಕೊಂಡೇ.

ಸಿಡಿಐ ಪಕ್ಷದವರು ಕಮೆಂಟಿನಲ್ಲಿ ಜಗಳ ಆಡಬಹುದು. ಒಂದೇ ಶರತ್ತು: ಬರೆಯೋ ಮೊದಲು ನಿಮ್ಮ ಗಾಡಿಯ ಕಾಯಿಲ್ ಹತ್ತಿರ ಎಷ್ಟು ವೋಲ್ಟ್ ಇದೆ ಅಂತ ಅಳೆದು, ಆ ಅಂಕಿಯನ್ನೂ ಹಾಕಿ.