ಶಿಕ್ಷೆಗೊಂದು ಅಳತೆಗೋಲು ಬೇಡವೇ?



ಹತ್ತನೆಯ ತರಗತಿಯ ಗಣಿತ ಪತ್ರಿಕೆಗಳ ಮೌಲ್ಯಮಾಪನಕ್ಕೆ ನಾನು ಮೊದಲ ಬಾರಿ ಹೋದಾಗ, ಕಟ್ಟು ಬಿಚ್ಚುವ ಮೊದಲೇ ಕೈಗಿತ್ತದ್ದು ಅಂಕವಿತರಣೆಯ ಸೂಚಿಯನ್ನು. ಅದಿಲ್ಲದಿದ್ದರೆ ಒಂದೇ ಉತ್ತರಕ್ಕೆ ನಾನು ಎರಡು ಅಂಕ ಕೊಟ್ಟೇನು, ಪಕ್ಕದ ಮೇಜಿನವರು ನಾಲ್ಕು ಕೊಟ್ಟಾರು. ಇಬ್ಬರೂ ಪ್ರಾಮಾಣಿಕರೇ, ಸೋತ ಮಗುವಿಗೆ ಅದರಿಂದೇನು ಪ್ರಯೋಜನ? ಎರಡು ಅಂಕಗಳಿಗೆ ಇಷ್ಟು ಎಚ್ಚರ ವಹಿಸುವ ನಾವು, ಮನುಷ್ಯನ ಹತ್ತು ವರ್ಷಗಳನ್ನು ಅಳೆಯುವ ನ್ಯಾಯಾಧೀಶರ ಕೈಗೆ ಯಾವ ಸೂಚಿಯನ್ನೂ ಕೊಟ್ಟಿಲ್ಲ.

ಉತ್ಪ್ರೇಕ್ಷೆಯೆನ್ನಬೇಡಿ. ನಮ್ಮ ರಾಜ್ಯದ್ದೇ ಪ್ರಕರಣವೊಂದಿದೆ. ಏಳೆಂಟು ವರ್ಷದ ಬಾಲೆಯ ಮೇಲೆ ಅತ್ಯಾಚಾರವೆಸಗಿದವನಿಗೆ ವಿಚಾರಣಾ ನ್ಯಾಯಾಲಯ 10 ವರ್ಷಗಳ ಸೆರೆವಾಸ ವಿಧಿಸಿತು. ಹೈಕೋರ್ಟು ಅದನ್ನು 4 ವರ್ಷಕ್ಕಿಳಿಸಿತು. ಕಾರಣ? ಅಪರಾಧಿ ಅನಕ್ಷರಸ್ಥ, ದುರ್ಬಲ ವರ್ಗದವನು, ಕುಡಿತದ ದಾಸ! ಕುಡಿತವೂ ರಿಯಾಯಿತಿಗೆ ಅರ್ಹತೆಯಾದುದನ್ನು ಓದಿ ನನಗೆ ಮಾತೇ ಹೊರಡಲಿಲ್ಲ. 2000ನೆಯ ಇಸವಿಯಲ್ಲಿ ಸುಪ್ರೀಂ ಕೋರ್ಟು ಈ ಕಾರಣಗಳನ್ನು ತಳ್ಳಿಹಾಕಿ 10 ವರ್ಷಗಳ ಶಿಕ್ಷೆಯನ್ನು ಮರಳಿ ಸ್ಥಾಪಿಸಿತು. ಕೊನೆಗೆ ನ್ಯಾಯ ದೊರಕಿತಲ್ಲ ಎನ್ನುವಿರಿ. ಸರಕಾರ ದೆಹಲಿಯವರೆಗೆ ಹೋದುದರಿಂದ ದೊರಕಿತು. ಹೋಗದಿದ್ದ ಪ್ರಕರಣಗಳ ಗತಿಯೇನು? ಅಜ್ಜಾವರದ ಅಂಗಡಿ ಜಗಲಿಯಲ್ಲಿ ಕೋರ್ಟಿನ ಸುದ್ದಿ ಬಂದರೆ ಜನ ಮೊದಲು ಕೇಳುವುದು "ಯಾವ ನ್ಯಾಯಾಧೀಶರು?" ಎಂದು. ಅವರನ್ನು ದೂರಲಾರೆ.

ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠರ ಸಮಿತಿ 2003ರಲ್ಲೇ ಶಿಕ್ಷೆಯ ಮಾರ್ಗಸೂಚಿಗಳಿಗಾಗಿ ಶಾಸನಬದ್ಧ ಸಮಿತಿ ಬೇಕೆಂದಿತು. ವರದಿ ಕಪಾಟು ಸೇರಿತು.

ನ್ಯಾಯಾಧೀಶರ ಕೈ ಕಟ್ಟಿದಂತಾಗದೇ ಎಂಬ ಆಕ್ಷೇಪವಿದೆ. ಬೇರೆ ಕ್ರಮದಿಂದ ಲೆಕ್ಕ ಬಿಡಿಸಿದ ಮಗುವಿಗೂ ಪೂರ್ಣ ಅಂಕ ಕೊಡಲು ನಮ್ಮ ಸೂಚಿಯಲ್ಲಿ ಅವಕಾಶವಿತ್ತು. ಕೇಳಿದರೆ ಕಾರಣ ಹೇಳಬೇಕಿತ್ತು, ಅಷ್ಟೇ. ಇಂಗ್ಲೆಂಡಿನಲ್ಲಿ 2010ರಿಂದ ಇರುವ ಶಿಕ್ಷಾ ಮಂಡಳಿಯ ಸೂಚಿಗಳೂ ಹೀಗೆಯೇ: ಪಾಲಿಸು, ನ್ಯಾಯಕ್ಕೆ ಬಾಧಕವೆನಿಸಿದರೆ ಮೀರು. ನಿಜವಾಗಿ ಕೈ ಕಟ್ಟಿದ್ದು ಸಂಸತ್ತು. ಅತ್ಯಾಚಾರದ ಕನಿಷ್ಠ ಶಿಕ್ಷೆಯನ್ನು ವಿಶೇಷ ಕಾರಣವಿದ್ದರೆ ಇಳಿಸಬಹುದೆಂಬ ಅವಕಾಶವನ್ನೇ 2013ರಲ್ಲಿ ಅದು ಅಳಿಸಿಹಾಕಿತು. ವಿವೇಚನೆಗೆ ಮಿತಿ ಬೇಡವೆಂದವರಿಗೆ ಅಲ್ಲಿ ಈಗ ವಿವೇಚನೆಯೇ ಉಳಿದಿಲ್ಲ.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದಾಗ ಆಸೆಯಿಂದ ಪುಟ ತಿರುವಿದೆ. ಅಜಾಗರೂಕ ಚಾಲನೆಯಿಂದಾದ ಸಾವಿಗೆ ಗರಿಷ್ಠ ಶಿಕ್ಷೆ 2 ವರ್ಷದಿಂದ 5 ವರ್ಷಕ್ಕೇರಿದೆ. ಸುಳ್ಯ–ಸಂಪಾಜೆ ರಸ್ತೆಯ ತಿರುವಿನಲ್ಲಿ ಮಗನನ್ನು ಕಳಕೊಂಡ ತಾಯಿ, ಚಾಲಕನಿಗೆ ಎಷ್ಟು ಶಿಕ್ಷೆಯಾದೀತೆಂದು ಕೇಳಿದರೆ ಏನೆನ್ನಲಿ? ಒಂದು ದಿನವೂ ಆಗಬಹುದು, ಐದು ವರ್ಷವೂ ಆಗಬಹುದಮ್ಮ.