ಅರಮನೆಗೆ ಕಾವಲು, ದುಡಿದವನ ಮನೆಗೆ ಗುದ್ದಲಿ

"ಹಳೆಯ ಗೋಡೆಯನ್ನು ಕಾಯ್ದಿಟ್ಟರೆ ಕೂಲಿಗಾರನ ಹೊಟ್ಟೆ ತುಂಬುವುದೇ?" ಎಂದು ನಮ್ಮವರಲ್ಲೇ ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೋಟೆಯ ಮುಂದೆ, ಅರಮನೆಯ ಮುಂದೆ ನಿಂತು ಇದೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅರಸನ ಗೋಡೆಗೆ ಸುಣ್ಣ ಬಳಿದರೆ ಅದು ಇತಿಹಾಸದ ಸೇವೆ. ದುಡಿದವನ ಗೋಡೆಯನ್ನು ಉಳಿಸಿರೆಂದರೆ ಅದು ದುಂದು! ಈ ಎರಡು ಬಗೆಯ ಅಳತೆಗೋಲನ್ನು ನಾವು ಒಪ್ಪುವುದಿಲ್ಲ.

ನಾಗಪುರವನ್ನೇ ನೋಡೋಣ. ಸೀತಾಬರ್ಡಿಯ ಕೋಟೆ ಇಂದಿಗೂ ನಿಂತಿದೆ. ಅದೇ ಊರಿನಲ್ಲಿ 1877ರ ಜನವರಿ 1ರಂದು ಜಮ್‌ಶೇಟ್‌ಜಿ ಟಾಟಾ ಅವರ ಬಟ್ಟೆ ಗಿರಣಿ ತೆರೆಯಿತು. ವಿಕ್ಟೋರಿಯಾ ರಾಣಿಯನ್ನು ಹಿಂದುಸ್ಥಾನದ ಚಕ್ರವರ್ತಿನಿಯೆಂದು ಸಾರಿದ ದಿನ ಅದು. ಗಿರಣಿಗೆ 'ಎಂಪ್ರೆಸ್' ಎಂದೇ ಹೆಸರಾಯಿತು. 2002ರಲ್ಲಿ ಗಿರಣಿ ಮುಚ್ಚಿತು. ಅದರ ನೆಲದ ಮೇಲೆ ಎದ್ದ ಅಂಗಡಿಗಳ ಮಹಲಿಗೂ ರಾಣಿಯ ಹೆಸರೇ ಅಂಟಿಕೊಂಡಿದೆ. ಒಮ್ಮೆಯೂ ನಾಗಪುರಕ್ಕೆ ಬಾರದ ರಾಣಿಯ ಹೆಸರು ಉಳಿಯಿತು. ಅಲ್ಲಿ ತಲೆಮಾರುಗಟ್ಟಲೆ ನೂಲು ತೆಗೆದವರ ಹೆಸರೆಲ್ಲಿ?

ಆ ನೂಲು ತೆಗೆದವರಲ್ಲಿ ಮಹಾರ ಜನರು ಬಹಳ. ಒರಟು ಬಟ್ಟೆ ನೇಯುವುದು ನಾಗಪುರ ಸೀಮೆಯಲ್ಲಿ ಅವರ ಹಳೆಯ ಕಸುಬು. ಯಂತ್ರದ ಬಟ್ಟೆ ಕೈಮಗ್ಗವನ್ನು ಕೊಂದ ಮೇಲೆ ಅನೇಕರು ಗಿರಣಿಯ ಹಾದಿ ಹಿಡಿದರು. ಹಳ್ಳಿಯಲ್ಲಿ ಅವರಿಗೆ ಇದ್ದದ್ದು ಬಿಟ್ಟಿ ಚಾಕರಿ, ಊರ ಹೊರಗಿನ ಕೇರಿ, ಮುಟ್ಟಬಾರದ ಬಾವಿ. ಪಟ್ಟಣದಲ್ಲಿ ಸಿಕ್ಕಿದ್ದು ಎಣಿಸಿ ಕೈಗಿಡುವ ಪಗಾರ. ಆ ಪಗಾರದಿಂದ ಎಬ್ಬಿಸಿದ ಗುಡಿಸಲಿನಲ್ಲಿ, ಒಡೆಯನ ಕರೆಗೆ ಕಾಯದೆ ಕದ ಮುಚ್ಚಿ ಮಲಗಬಹುದಾಗಿತ್ತು.

ಗಿರಣಿ ಸ್ವರ್ಗವಾಗಿತ್ತೆಂದು ನಾವು ಹೇಳುತ್ತಿಲ್ಲ. ಮುಂಬಯಿಯ ಗಿರಣಿಗಳಲ್ಲಿ ಹೆಚ್ಚು ಪಗಾರದ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ಎಳೆಯನ್ನು ಬಾಯಿಂದ ಎಳೆಯಬೇಕು, ಅವರು ಮುಟ್ಟಿದರೆ ಮೈಲಿಗೆ ಎಂಬುದು ಕಾರಣ. ಈ ನಿಷೇಧವನ್ನು ಕಾಯ್ದವರಲ್ಲಿ ಕಾರ್ಮಿಕರೂ ಇದ್ದರು. 1928ರ ಮುಷ್ಕರದ ಕಾಲದಲ್ಲಿ ಡಾ. ಅಂಬೇಡ್ಕರರು ಇದನ್ನು ಎತ್ತಿ ಹೇಳಬೇಕಾಯಿತು. ಕಾರ್ಮಿಕರ ಒಗ್ಗಟ್ಟಿನ ಮಾತಾಡುವ ನಾವು ಇದನ್ನು ಮರೆಯಬಾರದು.

ಇಂಥ ಬಡ ವಸ್ತಿಗಳಿಂದ ಎದ್ದವರನ್ನು ನೆನೆಯಿರಿ. ಕಿಸನ್ ಫಾಗೂಜಿ ಬನಸೋಡೆಯವರು ನಾಗಪುರದಲ್ಲಿ ಸ್ವಂತ ಮುದ್ರಣಾಲಯ ಹಾಕಿ, 1918ರಲ್ಲಿ 'ಮಜೂರ ಪತ್ರಿಕಾ' ಹೊರಡಿಸಿದರು. ನಮ್ಮಂಥ ಪತ್ರಿಕೆಗಳಿಗೆ ಅದು ಹಿರಿಯಕ್ಕ. ನಾಗಪುರ, ಕಾಮಠಿಗಳ ನಡುವೆ ತಲೆಹೊರೆ ಹೊತ್ತ ಜಾಯಿಬಾಯಿ ಚೌಧರಿ ಓದು ಕಲಿತು, 1922ರಲ್ಲಿ ಸಂತ ಚೋಖಾಮೇಳಾ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1956ರ ಅಕ್ಟೋಬರ್ 14ರಂದು ಲಕ್ಷಾಂತರ ಜನ ಅಂಬೇಡ್ಕರರೊಡನೆ ಬೌದ್ಧ ದೀಕ್ಷೆ ಪಡೆದದ್ದು ಇದೇ ಊರಿನಲ್ಲಿ. ಆ ದಿನ ಆಕಾಶದಿಂದ ಇಳಿದು ಬರಲಿಲ್ಲ. ಅದು ಈ ಮನೆಗಳ ಚಿಮಣಿ ದೀಪದ ಕೆಳಗೆ ವರ್ಷಾನುವರ್ಷ ಸಿದ್ಧವಾಯಿತು.

ಮಹಾತ್ಮಾ ಫುಲೆಯವರು 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅಮೆರಿಕದಲ್ಲಿ ಕಪ್ಪು ಜನರ ದಾಸ್ಯವನ್ನು ತೊಡೆದ ಸಜ್ಜನರಿಗೆ ಅರ್ಪಿಸಿದರು. ಆ ಅಮೆರಿಕದಿಂದ ನಾವು ಕಲಿಯಬೇಕಾದ ಇನ್ನೊಂದು ಪಾಠವಿದೆ. ನ್ಯೂಯಾರ್ಕ್ ಪ್ರಾಂತದಲ್ಲಿ ಗುಲಾಮಗಿರಿ 1827ರಲ್ಲೇ ರದ್ದಾಯಿತು. ದಕ್ಷಿಣದಲ್ಲಿ ಇನ್ನೂ ಮನುಷ್ಯರ ಮಾರಾಟ ನಡೆದೇ ಇತ್ತು. ನ್ಯೂಯಾರ್ಕಿನಲ್ಲೂ ಕಪ್ಪು ಗಂಡಸಿಗೆ ಮತದಾನದ ಹಕ್ಕು ಬೇಕಿದ್ದರೆ 250 ಡಾಲರಿನ ಆಸ್ತಿ ತೋರಿಸಬೇಕಿತ್ತು. 1838ರಲ್ಲಿ ಜೇಮ್ಸ್ ವೀಕ್ಸ್ ಎಂಬ ಬಂದರಿನ ಹಮಾಲ ಬ್ರೂಕ್ಲಿನ್ನಿನಲ್ಲಿ ನೆಲ ಕೊಂಡ. ಅವನ ಹೆಸರಿನಲ್ಲೇ ವೀಕ್ಸ್‌ವಿಲ್ ಎಂಬ ಸ್ವತಂತ್ರ ಕಪ್ಪು ಜನರ ಊರು ಬೆಳೆಯಿತು. 1863ರಲ್ಲಿ ನ್ಯೂಯಾರ್ಕಿನ ಪುಂಡರು ಕಪ್ಪು ಜನರನ್ನು ಅಟ್ಟಾಡಿಸಿ ಕೊಂದಾಗ ಓಡಿಬಂದವರಿಗೆ ಆಶ್ರಯವಾಯಿತು.

ನಗರ ಬೆಳೆದಂತೆ ಆ ಊರನ್ನು ಜನ ಮರೆತರು. 1968ರಲ್ಲಿ ಇಬ್ಬರು ವಿಮಾನದಿಂದ ಹುಡುಕಿ, ಹಂಟರ್‌ಫ್ಲೈ ರಸ್ತೆಯಲ್ಲಿ ಉಳಿದಿದ್ದ ಕೆಲವು ಮರದ ಮನೆಗಳನ್ನು ಗುರುತಿಸಿದರು. ಕೇರಿಯವರು ಎದ್ದರು, ಶಾಲೆಯ ಮಕ್ಕಳೂ ದನಿಗೂಡಿಸಿದರು. 1970ರಲ್ಲಿ ಆ ಮನೆಗಳಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಸ್ವಾತಂತ್ರ್ಯವೆಂಬುದು ದೊಡ್ಡವರು ಕೊಟ್ಟ ದಾನವಲ್ಲ, ದುಡಿದವರು ಬೆವರಿನಿಂದ ಕೊಂಡದ್ದು ಎಂಬುದಕ್ಕೆ ಇಂದು ಆ ಮನೆಗಳೇ ಸಾಕ್ಷಿ.

ನಮ್ಮಲ್ಲಿ ಆಗಿರುವುದೇನು? ಅಂಬೇಡ್ಕರರು ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿ ಇದ್ದ ಮನೆಯನ್ನು ಮಹಾರಾಷ್ಟ್ರ ಸರಕಾರ 2015ರಲ್ಲಿ ಕೊಂಡು ಸ್ಮಾರಕ ಮಾಡಿತು. ಒಳ್ಳೆಯದೇ. ದೀಕ್ಷಾ ಸಮಾರಂಭದ ಹೊಣೆ ಹೊತ್ತಿದ್ದ ವಾಮನರಾವ್ ಗೋಡಬೋಲೆಯವರ ಶ್ರಮದಿಂದ ನಾಗಪುರದ ಬಳಿಯ ಚಿಚೋಲಿಯಲ್ಲಿ ಬಾಬಾಸಾಹೇಬರ ಕೋಟು, ಟೈಪ್‌ರೈಟರುಗಳು ಉಳಿದಿವೆ. ಅದೂ ಒಳ್ಳೆಯದೇ. ಆದರೆ ನಾಯಕನ ಕೋಟು ಉಳಿದರೆ ಸಾಕೆ? ಅವನ ಕರೆಗೆ ಎದ್ದು ಬಂದವರ ಮನೆ ಬೇಡವೇ? ನಾಗಪುರದ ಮಹಾರಪುರದ ಬದುಕನ್ನು ವಸಂತ ಮೂನರು 'ವಸ್ತಿ' ಎಂಬ ಆತ್ಮಕಥೆಯಲ್ಲಿ ಬರೆದಿಟ್ಟರು. ಪುಸ್ತಕದಲ್ಲಿರುವ ಒಲೆಯನ್ನು ಮಕ್ಕಳು ಕಣ್ಣಿನಿಂದಲೂ ನೋಡಬೇಕು.

ನಮ್ಮ ಮಾತನ್ನು ತಿರುಚಬೇಡಿ. ಜನರನ್ನು ಸೋರುವ ಮನೆಯಲ್ಲೇ ಕೊಳೆಹಾಕಿರೆಂದು ನಾವು ಹೇಳುವುದಿಲ್ಲ. ಎಲ್ಲರಿಗೂ ಗಟ್ಟಿ ಮನೆ, ನಲ್ಲಿ, ಶೌಚಾಲಯ ಮೊದಲು ಬರಲಿ. ಆದರೆ ನೂರು ಹಳೆಯ ಮನೆ ಕೆಡಹುವಾಗ ಒಂದನ್ನು ಉಳಿಸಿ. ಅದರಲ್ಲಿ ಮಗ್ಗವಿರಲಿ, ಪಗಾರದ ಚೀಟಿಯಿರಲಿ, ಗಿರಣಿಯ ಹಾಜರಿ ಪುಸ್ತಕವಿರಲಿ. ಅದರ ಕೀಲಿಕೈ ಗುತ್ತಿಗೆದಾರನ ಕೈಗಲ್ಲ, ಆ ವಸ್ತಿಯ ಜನರ ಕೈಗೇ ಬರಲಿ. ಮುದುಕರು ಬದುಕಿರುವಾಗಲೇ ಅವರ ಮಾತನ್ನು ಬರೆದುಕೊಳ್ಳಿ.

ನಾಗಪುರದ ಮಾತು ಕನ್ನಡ ಕಾರ್ಮಿಕರಿಗೇಕೆ ಎನ್ನಬೇಡಿ. ಊರಿನ ಜೀತ, ಸಾಲ, ಜಾತಿಯ ಕಾಟ ತಪ್ಪಿಸಿಕೊಂಡು ಮಹಾನಗರಕ್ಕೆ ಬಂದವರು ನಮ್ಮಲ್ಲೂ ಇದ್ದಾರೆ. ಚಾಳಿನ ಒಂದೇ ಖೋಲಿಯಲ್ಲಿ ಸರದಿಯ ಮೇಲೆ ಮಲಗಿ, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರಿದ್ದಾರೆ. ಆ ಖೋಲಿಗಳೂ ಒಂದೊಂದಾಗಿ ನೆಲಸಮವಾಗುತ್ತಿವೆ. ನಮ್ಮ ಇತಿಹಾಸವನ್ನು ಮಾಲಿಕರು ಬರೆದಾರೆಂದು ಕಾದರೆ ಅದರಲ್ಲಿ ಮಾಲಿಕರೇ ಇರುತ್ತಾರೆ. ಬಂಧುಗಳೇ, ಗುದ್ದಲಿ ಬೀಳುವ ಮುನ್ನ ನಮ್ಮ ಮನೆಗಳನ್ನು ನಾವೇ ಗುರುತು ಹಾಕಿಕೊಳ್ಳೋಣ.